ಕಾಡಿಲ್ಲದ ಸೀಮೆಯ ತೋಳಗಳು

ಪುಣೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ, "ಸರ್, ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಕಾಡೇ ಇಲ್ಲವಲ್ಲ, ವನ್ಯಮೃಗಗಳಿಗೆ ಮೀಸಲು ಜಾಗ ಎಲ್ಲಿಂದ ತರುವುದು?" ಎಂದು ಕೇಳಿದ. ಬಂಡೀಪುರ, ನಾಗರಹೊಳೆಗಳ ಚಿತ್ರಗಳನ್ನು ನೋಡಿ ಬೆಳೆದವರಿಗೆ ಈ ಸಂದೇಹ ಸಹಜ. ಅವನಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ನಿಮಗೆಲ್ಲರಿಗೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ಮೃಗಗಳಿಗೆ ದಟ್ಟಡವಿ ಬೇಕಿಲ್ಲ. ತೋಳ, ನರಿ, ಚಿಗರಿ ಇವು ಬಯಲಿನ ಜೀವಿಗಳು; ಕರಡಿ, ಚಿರತೆಗಳಿಗೆ ಕಲ್ಲುಗುಡ್ಡದ ಗವಿಗಳೇ ಮನೆ. ಆದರೆ ಈ ಬಯಲು, ಗುಡ್ಡಗಳನ್ನು ನಮ್ಮ ಕಾಗದಪತ್ರಗಳು ಬಂಜರು, ಬೀಳು, ಗಾಯರಾಣ ಎಂದು ಕರೆಯುತ್ತವೆ. ಬಂಜರೆಂದು ಒಮ್ಮೆ ಬರೆದ ಮೇಲೆ ಅದು ಯಾರಿಗೂ ಸೇರದ ಜಾಗವಾಗುತ್ತದೆ, ಯಾರು ಬೇಕಾದರೂ ಕೈಹಾಕುವ ಜಾಗವಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಅದರಿಂದ ನಮ್ಮ ಮನೆಗಳಲ್ಲಿ ಅನ್ನ ಉಕ್ಕಿತು, ನಿಜ. ಆದರೆ ನೀರು ನಿಂತ ಗದ್ದೆಯಲ್ಲಿ ಚಿಗರಿ ಓಡಲಾರದು, ತೋಳ ಮರಿ ಹಾಕಲಾರದು.

ತೋಳವನ್ನು ಹೊಗಳುವುದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ನಮ್ಮ ದೊಡ್ಡಪ್ಪನವರು ಕುರಿ ಸಾಕಿದವರು. ಗೊಬ್ಬರಕ್ಕೆಂದು ರೈತರ ಹೊಲಗಳಲ್ಲಿ ಕುರಿ ತರುಬುತ್ತಿದ್ದರು. ಒಂದೇ ರಾತ್ರಿ ಅವರ ಹಿಂಡಿನ ಏಳು ಕುರಿಗಳು ತೋಳದ ಪಾಲಾದಾಗ ಮನೆಯಲ್ಲಿ ಎರಡು ದಿನ ಒಲೆ ಸರಿಯಾಗಿ ಹೊತ್ತಲಿಲ್ಲ. ಪರಿಹಾರಕ್ಕೆಂದು ಅಲೆದದ್ದೇ ಬಂತು. ಕೈಗೆ ಏನೂ ಹತ್ತಲಿಲ್ಲ. ಹೀಗೆ ನೊಂದವನು ಸತ್ತ ಕುರಿಗೆ ವಿಷ ಸವರಿದರೆ ಅವನನ್ನಷ್ಟೇ ದೂರಿ ಫಲವಿಲ್ಲ. ಕುರಿಗಾರನನ್ನು ಬಿಟ್ಟು ಮಾಡಿದ ಯಾವ ಯೋಜನೆಯೂ ತೋಳವನ್ನು ಉಳಿಸದು.

ನೆರೆಯ ಜಿಲ್ಲೆಗಳಲ್ಲಿ ಮಾದರಿಗಳಿವೆ. ಹಂಪಿಯ ಬಳಿಯ ದರೋಜಿಯಲ್ಲಿ ೧೯೯೪ರಲ್ಲಿ ಕರಡಿಧಾಮವಾಯಿತು. ೨೦೦೯ರಲ್ಲಿ ಬುಕ್ಕಸಾಗರದ ಕಾಯ್ದಿಟ್ಟ ಅರಣ್ಯವನ್ನೂ ಸೇರಿಸಿದ್ದರಿಂದ ಅದರ ವಿಸ್ತೀರ್ಣ ೮೨.೭೨ ಚದರ ಕಿಲೋಮೀಟರ್ ಆಯಿತು. ಬೋಳುಗುಡ್ಡಗಳೆಂದು ಜನ ಕಡೆಗಣಿಸಿದ್ದ ಜಾಗವೇ ಇಂದು ಕರಡಿಗಳ ಆಸರೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿದೆ. ಅಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿಯನ್ನು ೨೦೨೫ರಲ್ಲಿ ಓದಿ ನಾನು ಹಿಗ್ಗಿದೆ.

ಆದರೆ ಮೇಷ್ಟ್ರ ಬುದ್ಧಿ ಲೆಕ್ಕವನ್ನು ಬಿಡದು. ಬಂಕಾಪುರದ ಧಾಮ ಸುಮಾರು ೩೩೨ ಹೆಕ್ಟೇರ್, ಎಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಗುಂಪು ತಿರುಗಾಡುವ ಬಯಲು ನೂರು ಚದರ ಕಿಲೋಮೀಟರನ್ನೂ ಮೀರುವುದುಂಟು. ಹಾಗಾದರೆ ಧಾಮವೆಂಬುದು ತೋಳಕ್ಕೆ ಬಾಣಂತಿಕೋಣೆ ಮಾತ್ರ; ಅದರ ಸಂಸಾರ ನಡೆಯಬೇಕಾದದ್ದು ಹೊರಗೆ, ಊರೂರಿನ ಗಾಯರಾಣಗಳಲ್ಲಿ.

ಆದ್ದರಿಂದ ನಮ್ಮ ಮೂರು ತಾಲ್ಲೂಕುಗಳಿಗೆ ದೊಡ್ಡ ಬೇಲಿಯ ಅಭಯಾರಣ್ಯಕ್ಕಿಂತ, ಮಸ್ಕಿ, ಲಿಂಗಸುಗೂರಿನ ಗುಡ್ಡಗಳನ್ನು ಒಂದಕ್ಕೊಂದು ಬೆಸೆಯುವ ಗಾಯರಾಣಗಳ ಸರಪಳಿ ಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ೨೦೦೨ರಲ್ಲಿ ಆದ ತಿದ್ದುಪಡಿಯು ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಎಂಬ ಎರಡು ಬಗೆಗಳನ್ನು ಸೇರಿಸಿತು. ಮೊದಲನೆಯದು ಸರಕಾರಿ ಜಮೀನಿನಲ್ಲಿ, ಸ್ಥಳೀಯರೊಡನೆ ಸಮಾಲೋಚಿಸಿ ಆಗುವಂಥದು. ಎರಡನೆಯದು ಜನರೇ ಮುಂದೆ ಬಂದು ತಮ್ಮ ಭೂಮಿಯಲ್ಲಿ ಮಾಡಿಕೊಳ್ಳುವಂಥದು. ಇವುಗಳಲ್ಲಿ ಕುರಿ ಮೇಯಿಸುವವರನ್ನು ಒಕ್ಕಲೆಬ್ಬಿಸಬೇಕಿಲ್ಲ. ಜೊತೆಗೆ, ಕುರಿ ಸತ್ತ ವಾರದೊಳಗೆ ಪರಿಹಾರ ಕೈಸೇರುವ ವ್ಯವಸ್ಥೆಯಾಗಬೇಕು.

ಮಸ್ಕಿ ಎಂದೊಡನೆ ಅಶೋಕನ ನೆನಪಾಗುತ್ತದೆ. ೧೯೧೫ರಲ್ಲಿ ದೊರೆತ ನಮ್ಮ ಶಾಸನವೇ ದೇವಾನಾಂಪ್ರಿಯನೆಂದರೆ ಅಶೋಕನೆಂದು ಲೋಕಕ್ಕೆ ಖಚಿತಪಡಿಸಿತು. ಅದೇ ಅರಸ ಉತ್ತರದೇಶದ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಟ್ಟು, ಕಾರಣವಿಲ್ಲದೆ ಕಾಡು ಸುಡುವುದನ್ನೂ, ಜೀವಿಗಳಿರುವ ಹೊಟ್ಟಿಗೆ ಬೆಂಕಿ ಇಡುವುದನ್ನೂ ನಿಷೇಧಿಸಿದ. ಕೊಯ್ಲಾದ ಮೇಲೆ ಗದ್ದೆಗೆ ಕಡ್ಡಿ ಗೀರುವ ನಾವು ಇದನ್ನು ನೆನೆಯಬೇಕು.

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರು, ಕೆಲವರು ಪಂಚಾಯಿತಿ ಸದಸ್ಯರು, ಒಬ್ಬಿಬ್ಬರು ಕಂದಾಯ ಇಲಾಖೆಯಲ್ಲಿದ್ದೀರಿ. ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮೂರ ಗಾಯರಾಣ ಎಷ್ಟು ಎಕರೆ, ಉಳಿದದ್ದು ಎಷ್ಟು ಎಂದು ಕೇಳಿರಿ. ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ತೋಳ, ಚಿಗರಿಗಳ ಹೆಸರಿದೆಯೇ ನೋಡಿರಿ. ಇಲ್ಲದಿದ್ದರೆ ಊರಿನ ಕುರಿಗಾರರನ್ನು ಕರೆದು, ಅವರ ಬಾಯಿಂದಲೇ ಕೇಳಿ ಬರೆಸಿರಿ.