ಅಲಗುಗಿವಿ

ಕತ್ತಿವರಸೆ ಎಂದರೆ ಎಲ್ಲರ ಕಣ್ಣಿಗೆ ಕಟ್ಟುವುದು ಅದರ ಬೀಸು. ನನಗೆ ರುಚಿಸಿದ್ದು ಬೀಸಿನ ನಂತರದ ಒಂದು ಗಳಿಗೆ. ಎರಡು ಕತ್ತಿಗಳು ಒಂದಕ್ಕೊಂದು ತಾಗಿ, ಹಾಗೇ ಅಂಟಿಕೊಂಡು ನಿಂತಿರುತ್ತವೆ. ಬೀಸು ಮುಗಿದಿದೆ, ಏಟು ಇನ್ನೂ ಬಿದ್ದಿಲ್ಲ. ಮುಖಕವಚದ ಜಾಲರಿಯ ಹಿಂದಿನ ಮುಖ ಕಾಣದು. ಆದರೂ ಗಾಳದ ದಾರ ಹಿಡಿದವನಿಗೆ ನೀರೊಳಗಿನ ಮೀನು ತಿಳಿಯುವ ಹಾಗೆ, ಎದುರಿನವನ ಇಂಗಿತ ಉಕ್ಕಿನಗುಂಟ ಹರಿದು ಅಂಗೈಗೆ ಬರುತ್ತದೆ. ಒತ್ತುತ್ತಿದ್ದಾನೋ, ಸಡಿಲ ಬಿಟ್ಟನೋ, ಕತ್ತಿ ಸುತ್ತಿಸಿ ಇನ್ನೊಂದು ಕಡೆಯಿಂದ ಬರುವ ಹವಣಿಕೆಯೋ, ಎಲ್ಲ ಕಣ್ಣಿಗಿಂತ ಮೊದಲು ಕೈಗೆ ಗೊತ್ತು. ಜರ್ಮನಿಯ ಹಳೆಯ ಗುರುಗಳು ಇದನ್ನು ಫ್ಯೂಲೆನ್ ಎಂದು ಕರೆದು ವಿದ್ಯೆಯ ತುತ್ತತುದಿಯಲ್ಲಿ ಕೂರಿಸಿದರು. ನನ್ನ ಮಟ್ಟಿಗೆ ಅದು ಅಲಗುಗಿವಿ.

ಇದು ಒಲಿಂಪಿಕ್ಸ್‌ನಲ್ಲಿ ಕಾಣುವ ಫೆನ್ಸಿಂಗ್ ಅಲ್ಲ. ಎರಡೂ ಕೈಯಲ್ಲಿ ಹಿಡಿಯುವ ಉದ್ದಗತ್ತಿಯ ವಿದ್ಯೆ. ಕಲಿಸುವ ಗುರುಪರಂಪರೆ ನಡುವೆ ಎಲ್ಲೋ ಕಡಿದುಹೋಯಿತು, ಉಳಿದದ್ದು ಹಸ್ತಪ್ರತಿ. ಹಾಗಾಗಿ ನಮ್ಮ ಗರಡಿಯಲ್ಲಿ, ಅಂದರೆ ಜರ್ಮನಿಯ ಶಾಲೆಯೊಂದರ ಆಟದ ಹಾಲ್‌ನಲ್ಲಿ, ಕತ್ತಿಗಳ ಪಕ್ಕದಲ್ಲೇ ಪುಸ್ತಕವೂ ತೆರೆದು ಬಿದ್ದಿರುತ್ತದೆ. ಒಬ್ಬರು ಓದುತ್ತಾರೆ, ಇಬ್ಬರು ಮಾಡಿ ನೋಡುತ್ತಾರೆ, ಉಳಿದವರು ಎಡಗಾಲು ಮುಂದಿರಬೇಕಿತ್ತು ಎಂದು ವಾದಿಸುತ್ತಾರೆ. ಬೆವರು ಹರಿಸುತ್ತಾ ಓದುವ ಇಂಥ ಓದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಓದುವುದಕ್ಕೇನು ಕಡಿಮೆಯಿಲ್ಲ. 14ನೆಯ ಶತಮಾನದ ಯೊಹಾನೆಸ್ ಲೀಖ್ಟೆನೌವರ್ ತನ್ನ ವಿದ್ಯೆಯನ್ನೆಲ್ಲ ಒಗಟಿನಂಥ ಪ್ರಾಸಪದ್ಯಗಳಲ್ಲಿ ಹುದುಗಿಸಿಟ್ಟ. ಹೊರಗಿನವನಿಗೆ ಅರ್ಥವಾಗಬಾರದೆಂಬುದೇ ಉದ್ದೇಶ. ಮುಂದಿನ ಶತಮಾನದವರು ಅದಕ್ಕೆ ಸಾಲುಸಾಲಿಗೂ ಟೀಕೆ ಬರೆದರು. ಸೂತ್ರ, ಅದಕ್ಕೊಂದು ಭಾಷ್ಯ, ಭಾಷ್ಯಕಾರರಲ್ಲೇ ಭಿನ್ನಾಭಿಪ್ರಾಯ: ನಾನು ದಾರಿ ತಪ್ಪಿ ನಮ್ಮೂರಿಗೇ ಬಂದೆನೇನೋ ಅನ್ನಿಸಿದ್ದುಂಟು. ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿರುವ ಐ.33 ಎಂಬ ಪ್ರತಿ ಇನ್ನೂ ಹಳೆಯದು, 14ನೆಯ ಶತಮಾನದ ಮೊದಲ ಭಾಗದ್ದು. ಯುರೋಪಿನಲ್ಲಿ ಉಳಿದಿರುವ ಇಂಥ ಪುಸ್ತಕಗಳಲ್ಲಿ ಅದೇ ಹಿರಿಯದು. ಅದರಲ್ಲಿ ಪಾದ್ರಿಯೊಬ್ಬ ಶಿಷ್ಯನಿಗೆ ಕತ್ತಿ ಮತ್ತು ಕೈಗುರಾಣಿಯ ಪಾಠ ಹೇಳುತ್ತಾನೆ. ಕೊನೆಗೆ ಬಂದರೆ ಶಿಷ್ಯನ ಜಾಗದಲ್ಲಿ ವಾಲ್ಪುರ್ಗಿಸ್ ಎಂಬ ಹೆಂಗಸು ನಿಂತಿದ್ದಾಳೆ! ಯಾರವಳು, ಹೇಗೆ ಬಂದಳು, ಒಂದು ಮಾತೂ ಇಲ್ಲ. ಉದ್ದನೆಯ ನಿಲುವಂಗಿ, ಕೈಯಲ್ಲಿ ಕತ್ತಿ. ಆ ಪುಟದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂತಿರಬಲ್ಲೆ.

ಇಟಲಿಯ ಫಿಯೋರೆ ಡೇಯಿ ಲಿಬೆರಿಯ ಪುಸ್ತಕದಲ್ಲಂತೂ ಆನೆಯೇ ಇದೆ. 1410ರ ಆಸುಪಾಸಿನ ಆ ಕೃತಿಯ ಒಂದು ಚಿತ್ರದಲ್ಲಿ ಮನುಷ್ಯನ ಸುತ್ತ ಏಳು ಕತ್ತಿಗಳು, ನಾಲ್ಕು ಪ್ರಾಣಿಗಳು. ತಲೆಯ ಮೇಲೆ ಕೈವಾರ ಹಿಡಿದ ಕಾಡುಬೆಕ್ಕು, ಅದು ವಿವೇಕ. ಒಂದು ಪಕ್ಕದಲ್ಲಿ ಬಾಣ ಹಿಡಿದ ಹುಲಿ, ವೇಗ. ಇನ್ನೊಂದು ಪಕ್ಕದಲ್ಲಿ ಹೃದಯ ಹಿಡಿದ ಸಿಂಹ, ಎದೆಗಾರಿಕೆ. ಕಾಲ ಬುಡದಲ್ಲಿ ಬೆನ್ನ ಮೇಲೆ ಕೋಟೆ ಹೊತ್ತ ಆನೆ, ಸ್ಥೈರ್ಯ. ದಸರೆಯ ಆನೆ ನೋಡಿ ಬೆಳೆದ ನನಗೆ ಆ ಚಿತ್ರ ಪಾಠವೂ ಹೌದು, ಅಕ್ಕರೆಯೂ ಹೌದು. ಹುಲಿಯಾಗುವುದು ಎಲ್ಲರಿಗೂ ಇಷ್ಟ. ಕಾಲು ಗಟ್ಟಿಯಿಲ್ಲದಿದ್ದರೆ ಆ ಹುಲಿ ಎರಡನೆಯ ಹೆಜ್ಜೆಗೇ ಮುಗ್ಗರಿಸುತ್ತದೆ.

ನಾವು ಹಿಡಿಯುವ ಅಭ್ಯಾಸದ ಕತ್ತಿಗೆ ಫೆಡರ್ ಎಂದು ಹೆಸರು. ಯೋಆಖಿಮ್ ಮೇಯರ್ 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಚಿತ್ರಗಳಲ್ಲಿ ಇರುವುದೂ ಇಂಥವೇ. ಮೊಂಡು ಅಂಚು, ಚುಚ್ಚಿದರೆ ಬಿಲ್ಲಾಗಿ ಬಾಗುವ ತೆಳು ಅಲಗು, ಹಿಡಿಯ ಅಡ್ಡಪಟ್ಟಿಯ ಮೇಲೆ ಎರಡೂ ಕಡೆ ಅಗಲವಾಗಿ ಚಾಚಿದ ಉಕ್ಕಿನ ರೆಕ್ಕೆ. ತೂಕ ಸುಮಾರು ಒಂದೂವರೆ ಕಿಲೋ. ಹಳೆಯ ಕತ್ತಿಗಳು ಎತ್ತಲಾಗದಷ್ಟು ಭಾರ ಎಂಬ ನಂಬಿಕೆ ಬರೀ ಕಟ್ಟುಕತೆ. ಅಭ್ಯಾಸ ಮುಗಿದ ಮೇಲೆ ಅಲಗಿನ ಮೇಲೆ ಬೆರಳಾಡಿಸಿದರೆ ಅಲ್ಲಲ್ಲಿ ಸಣ್ಣ ಕಚ್ಚು, ಮೇಲೆದ್ದ ಮುಳ್ಳು. ಗೋಡೆಗೊರಗಿ ಕೂತು ಅರದಿಂದ ಉಜ್ಜುತ್ತೇವೆ, ಉಪ್ಪುಕಾಗದ ತಿಕ್ಕುತ್ತೇವೆ, ಎಣ್ಣೆ ಬಟ್ಟೆಯಿಂದ ಒರೆಸುತ್ತೇವೆ. ಈ ಹೊತ್ತಿನ ಹರಟೆಗೆ ತುದಿಮೊದಲಿಲ್ಲ. ಉಕ್ಕು ಮತ್ತು ಎಣ್ಣೆಯ ವಾಸನೆ ಮಾರನೆಯ ಬೆಳಿಗ್ಗೆಯೂ ಕೈಯಲ್ಲಿರುತ್ತದೆ.

ಪಂದ್ಯದ ಲೋಕ ಬೇರೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2006ರಲ್ಲಿ ಶುರುವಾದ ಸ್ವೋರ್ಡ್‌ಫಿಶ್ ಪಂದ್ಯಾವಳಿಗೆ ಹಲವು ದೇಶಗಳಿಂದ ಜನ ಬರುತ್ತಾರೆ. ಪಂದ್ಯದಲ್ಲಿ ನಾಲ್ಕು ಮೂಲೆಗೆ ಬಾವುಟ ಹಿಡಿದ ತೀರ್ಪುಗಾರರು, ನಡುವೆ ನಿರ್ಣಾಯಕ. ದಪ್ಪ ಅಂಗಿ, ಕುತ್ತಿಗೆಪಟ್ಟಿ, ಬೆರಳು ಕಾಯುವ ಭಾರಿ ಕೈಗವಸು. ಮುಖಕವಚದೊಳಗೆ ಕೇಳುವುದು ನಮ್ಮದೇ ಉಸಿರು. ಅಲಗುಗಿವಿ ಅಲ್ಲಿ ಮೊದಲು ಮಂದವಾಗುತ್ತದೆ. ಕೈ ಬಿಗಿಯುತ್ತದೆ, ಬಿಗಿದ ಕೈಗೆ ಏನೂ ಕೇಳಿಸದು. ಹಾಗೆಂದು ಪಂದ್ಯ ಬೇಡ ಎನ್ನಲಾರೆ. ಗೆಳೆಯರ ನಡುವೆ ನಿಜವೆನಿಸಿದ ಭಾಷ್ಯ ಅಪರಿಚಿತನ ಕತ್ತಿಯ ಮುಂದೆಯೂ ನಿಜವಾಗಿ ನಿಂತೀತೇ ಎಂದು ನೋಡಲು ಬೇರೆ ದಾರಿಯಿಲ್ಲ.

ನನಗೆ ಸಹಿಸಲಾಗದ್ದು ಒಂದೇ, ಜೋಡಿಯೇಟು. ಎದುರಿನ ಕತ್ತಿ ಬರುತ್ತಿದೆಯೆಂದು ಗೊತ್ತಿದ್ದೂ, ನನ್ನದು ಮೊದಲು ತಗುಲಿದರೆ ಸಾಕು ಎಂದು ನುಗ್ಗಿ ಇಬ್ಬರೂ ಹೊಡೆಸಿಕೊಳ್ಳುವುದು. ಅಲಗು ಹರಿತವಾಗಿದ್ದರೆ ಇಬ್ಬರೂ ಮಣ್ಣಿಗೆ. ಆ ಹಳೆಯ ಗುರುಗಳು ಒಗಟು ಕಟ್ಟಿ ಬಚ್ಚಿಟ್ಟದ್ದು ತಾನು ಉಳಿದು ಹೊಡೆಯುವ ವಿದ್ಯೆಯನ್ನು. ಜೋಡಿಯೇಟು ಮಿತಿಮೀರಿದರೆ ಇಬ್ಬರನ್ನೂ ಸೋತವರೆಂದು ಬರೆದುಕೊಳ್ಳುವ ನಿಯಮ ಕೆಲವು ಪಂದ್ಯಗಳಲ್ಲಿದೆ. ಅದು ಎಲ್ಲ ಪಂದ್ಯಗಳಲ್ಲೂ ಬರಬೇಕು.