ಕುಂದಾದ್ರಿಯಿಂದ ಕಂಡ ಮೋಡದ ಅಂಚು

2025ರ ಆಗಸ್ಟ್ ಮೊದಲ ವಾರ. ಆಶ್ಲೇಷಾ ಮಳೆ ಹಿಡಿದು ಕೂತಿತ್ತು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆ ಸೀಮೆಯಲ್ಲಿ ಇದು ಸುದ್ದಿಯೇನಲ್ಲ. ಆದರೆ ಅಡಿಕೆ ಗೊನೆಗೆ ಬೋರ್ಡೊ ದ್ರಾವಣ ಹೊಡೆಯಲು ಒಂದು ದಿನವಾದರೂ ಹೊಳವಾಗಬೇಕು, ಇಲ್ಲದಿದ್ದರೆ ಕೊಳೆರೋಗ. “ಈ ಮೋಡ ಎಲ್ಲಿಗೆ ಮುಗಿಯುತ್ತೆ ಸರ್?” ಎಂದ ಒಂಬತ್ತನೇ ತರಗತಿಯ ಹುಡುಗ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಮೋಡ ಬರೆದ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದಿನಾ ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ಅಮೆರಿಕ 1998ರಲ್ಲಿ ಹಾರಿಸಿದ ಹವಾಮಾನ ಉಪಗ್ರಹ ನೋವಾ-15, ಸುಮಾರು 800 ಕಿ.ಮೀ. ಎತ್ತರದಿಂದ ತಾನು ಕಂಡದ್ದನ್ನು 137.62 ಮೆಗಾಹರ್ಟ್ಸ್‌ನಲ್ಲಿ ಕೇಳುವವರಿಗೆಲ್ಲ ಬಿತ್ತರಿಸುತ್ತಿತ್ತು. 53 ಸೆಂ.ಮೀ.ನ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿಗೆ ಅಗಲಿಸಿದರೆ ಆಂಟೆನಾ. ಜೊತೆಗೆ ಬೆರಳುದ್ದದ ಯುಎಸ್‌ಬಿ ರೇಡಿಯೊ, ಒಂದು ಲ್ಯಾಪ್‌ಟಾಪ್. ತೊಂದರೆಯೆಂದರೆ ನಮ್ಮ ಮನೆ ತಗ್ಗಿನಲ್ಲಿದೆ. ಸಂಕೇತ ನೇರ ದಾರಿಯಲ್ಲಿ ಬರುವುದರಿಂದ ಚಿತ್ರದ ತಲೆ, ಕಾಲು ಎರಡೂ ಸುತ್ತಲ ಗುಡ್ಡಗಳ ಪಾಲು. ಹುಡುಗ, ಅವನಪ್ಪ, ನಾನು ಜೀಪಿನಲ್ಲಿ ಕುಂದಾದ್ರಿಗೆ ಹೊರಟೆವು.

ಬೆಟ್ಟದ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಕೊಳ. ಬಿಸಿಲಿದ್ದರೆ ಕಣ್ಣು ತುಂಬುವ ಕಣಿವೆ ಅಂದು ಇರಲೇ ಇಲ್ಲ; ಹತ್ತು ಮಾರು ಆಚೆ ಬಿಳಿ ಗೋಡೆ. ಕೊಡೆಯ ಕೆಳಗೆ ಲ್ಯಾಪ್‌ಟಾಪ್, ಬಿದಿರಿನ ಕೋಲಿಗೆ ಕಟ್ಟಿದ ಆಂಟೆನಾ ಹುಡುಗನ ಕೈಯಲ್ಲಿ. ಮೋಡ ನಮ್ಮ ಕಣ್ಣಿಗೆ ಅಡ್ಡವೇ ಹೊರತು ಈ ರೇಡಿಯೊ ಅಲೆಗಳಿಗಲ್ಲ.

ಹೇಳಿದ ಹೊತ್ತಿಗೆ ಸರಿಯಾಗಿ ಗಡಿಯಾರದಂತೆ ಟಿಕ್-ಟಾಕ್ ಶುರುವಾಯಿತು. ಸೆಕೆಂಡಿಗೆ ಎರಡು ಗೆರೆಯಂತೆ ಚಿತ್ರ ಇಳಿಯಿತು: ಹಿಮಾಲಯ, ಗುಜರಾತಿನ ಕರಾವಳಿ, ಆಮೇಲೆ ನಮ್ಮ ಘಟ್ಟ. ಅವಗೆಂಪು ಚಿತ್ರದಲ್ಲಿ ತಣ್ಣಗಿನ ಮೋಡ ಬಿಳಿ, ಬೆಚ್ಚಗಿನ ಸಮುದ್ರ ಕಪ್ಪು. ನಾವು ನೆನೆಯುತ್ತ ನಿಂತಿದ್ದ ಬಿಳುಪು ಅರಬ್ಬಿ ಸಮುದ್ರದಲ್ಲಿ ಒಂದೆಡೆ ಹರಿದಿತ್ತು. ಅದರಾಚೆ ಕಪ್ಪು.

“ಅಂಚು ಇದೆ ಸರ್!” ಎಂದ ಹುಡುಗ. ಅವನಪ್ಪ, “ಹಾಗಾದರೆ ನಾಳೆ ಕೊನೆಗಾರನಿಗೆ ಬರಲು ಹೇಳಲಾ ಮೇಷ್ಟ್ರೇ?” ಎಂದರು. ಒಂದೇ ಚಿತ್ರದಿಂದ ಮೋಡದ ನಡಿಗೆ ಹೇಳಲಾಗದು, ಇಲಾಖೆಯ ಮುನ್ಸೂಚನೆಯನ್ನೂ ಕೇಳಿ ಎಂದೆ. ಮರುದಿನ ಹೊಳವಾಯಿತು, ಗೊನೆಗಳಿಗೆ ಔಷಧಿ ಬಿತ್ತು. ಚಿತ್ರ ಭವಿಷ್ಯ ನುಡಿಯಿತು ಎನ್ನಲಾರೆ. ಆದರೆ ಮುಗಿಯದ್ದೆಂದು ಬಗೆದಿದ್ದಕ್ಕೆ ಅಂಚು ಇರುವುದನ್ನು ಕಣ್ಣಾರೆ ಕಂಡಿದ್ದೆವು.

ಆಗಸ್ಟ್ 19ರಂದು ನೋವಾ-15 ಸೇವೆಯಿಂದ ನಿವೃತ್ತವಾಯಿತು. 27 ವರ್ಷ ದುಡಿದ ಜೀವ! ಅದೇ ಕಡ್ಡಿಗಳಿಗೆ ರಷ್ಯಾದ ಮೆಟಿಯೊರ್ ಉಪಗ್ರಹಗಳ ಡಿಜಿಟಲ್ ಸಂಕೇತ ಸಿಗುತ್ತದೆ ಎಂದು ಹುಡುಗನಿಗೆ ಹೇಳಿದೆ. ಬಿದಿರಿನ ಕೋಲು ಈಗ ಅವರ ಮನೆಯಲ್ಲಿದೆ.