ಅಜ್ಜಿಗೊಂದು ಮುಳ್ಳಿಲ್ಲದ ಬಂಗುಡೆ

ನಮ್ಮ ಮನೆಯಲ್ಲಿ ಮೀನು ಕೊಯ್ಯುವ ಕೆಲಸ ಯಾವತ್ತೂ ಅಜ್ಜಿಯದ್ದೇ. ಮಲ್ಪೆಯಿಂದ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಜೀವ ಅದು. ಮೆಟ್ಟುಕತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಕೂತರೆಂದರೆ, ನಾವು ಚೀಲ ಮಡಚಿಡುವಷ್ಟರಲ್ಲಿ ಹತ್ತು ಬಂಗುಡೆ ಸಾಫ್. ನಾವು ಅಕ್ಕ ತಮ್ಮ ಇಬ್ಬರೂ ಪತ್ರಿಕೋದ್ಯಮ ಓದಿದವರು. ಮೀನುಗಾರರ ಬಗ್ಗೆ ಪುಟಗಟ್ಟಲೆ ಬರೆದಿದ್ದೇವೆ, ಒಂದು ಬೂತಾಯಿಯ ಹೊಟ್ಟೆ ಸೀಳಿದವರಲ್ಲ.

ಕಳೆದ ವರ್ಷ ಅಜ್ಜಿಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಎಡಗೈಯಲ್ಲಿ ಗಂಜಿ ಉಣ್ಣುವುದನ್ನು ಒಂದೇ ತಿಂಗಳಲ್ಲಿ ಕಲಿತರು. ಮೀನಿನ ಮುಳ್ಳು ಬಿಡಿಸುವುದು ಮಾತ್ರ ಆಗಲಿಲ್ಲ. ನಾವು ಬಿಡಿಸಿ ಬಟ್ಟಲಿಗಿಟ್ಟರೆ, "ಮುಳ್ಳು ತೆಗ್ದು ಕೊಡ್ಲಿಕ್ಕೆ ನಾನೆಂಥ ಕೂಸಾ?" ಎಂದು ಬಟ್ಟಲನ್ನೇ ದೂಡಿದರು. ಆಮೇಲೆ ಮೀನೇ ಬೇಡ ಅಂದುಬಿಟ್ಟರು. ಮೀನು ಬೇಡ ಅನ್ನುವ ಅಜ್ಜಿಯನ್ನು ನೋಡಿದಾಗ ನಮಗೆ ಆಸ್ಪತ್ರೆಯ ದಿನಗಳಿಗಿಂತ ಹೆಚ್ಚು ಹೆದರಿಕೆಯಾಯಿತು.

ಕೊಯ್ಯುವಾಗಲೇ ಮುಳ್ಳು ತೆಗೆದರೆ ಬಟ್ಟಲಿಗೆ ಬರುವುದು ಬರೀ ಮೀನು. ಯಾರೂ ಯಾರಿಗೂ ಬಿಡಿಸಿ ಕೊಟ್ಟ ಹಾಗಾಗುವುದಿಲ್ಲ. ಹಾಗೆ ಶುರುವಾಯಿತು ನಮ್ಮ ಚೂರಿಯ ಹುಡುಕಾಟ.

ಮೊದಲು ಪಾತ್ರೆ ಅಂಗಡಿಯಿಂದ ತರಕಾರಿ ಚೂರಿ ತಂದೆವು. ಅಲಗು ದಪ್ಪ. ಬೆನ್ನುಮೂಳೆಯ ಮೇಲೆ ಜಾರಿ ಹೋಗುವ ಬದಲು ಮಾಂಸದ ಮಧ್ಯೆಯೇ ದಾರಿ ಮಾಡಿಕೊಂಡಿತು. ಅರ್ಧ ಮೀನು ಮುಳ್ಳಿನ ಜೊತೆ ಹೋಯಿತು. ಕುರ್ಚಿಯಿಂದಲೇ ನೋಡುತ್ತಿದ್ದ ಅಜ್ಜಿ "ಬೆಕ್ಕು ದಪ್ಪ ಆಗ್ತದೆ" ಅಂದರು, ಅಷ್ಟೇ. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ್ದು. ಒಂಬತ್ತು ಇಂಚು, ಹಿಡಿಯೂ ನುಣುಪು ಸ್ಟೀಲು, ಫೋಟೋದಲ್ಲಿ ಬಹಳ ಚಂದ. ಮೀನಿನ ಲೋಳೆ ತಾಗಿದ್ದೇ ತಡ ಹಿಡಿ ಜಾರಿತು. ಅಕ್ಕನ ಹೆಬ್ಬೆರಳಿಗೆ ಎರಡು ಹೊಲಿಗೆ.

ಕೊನೆಗೆ ಹೋದದ್ದು ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಡುವ ಅಕ್ಕನ ಹತ್ತಿರ. (ಮೊದಲೇ ಹೋಗಬೇಕಿತ್ತು. ಸಂದರ್ಶನ ಮಾಡುವುದನ್ನು ಕಲಿತವರಿಗೆ ಕೇಳುವುದೇ ನೆನಪಾಗಲಿಲ್ಲ.) ಅವರ ಚೂರಿ ಮಸೆದು ಮಸೆದು ಅರ್ಧ ಅಗಲಕ್ಕೆ ಬಂದಿತ್ತು. ತುದಿಯನ್ನು ಹಲಗೆಗೆ ಮೆಲ್ಲಗೆ ಒತ್ತಿ ತೋರಿಸಿದರು: ಅಲಗು ಬಾಗಿತು, ಬಿಟ್ಟ ಕೂಡಲೇ ನೆಟ್ಟಗಾಯಿತು. "ಇಷ್ಟು ಬಾಗಿದ್ರೆ ಸಾಕು. ಅಂಜಲಿಗೆ ಉದ್ದದ್ದು, ಗಟ್ಟಿದು ಬೇಕು. ಬಂಗುಡೆಗೆ ಆರಿಂಚು ಧಾರಾಳ." ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡದೆ ಚೂರಿ ಕೊಳ್ಳಬೇಡಿ ಅಂದರು. ಮರದ ಹಿಡಿ ನೀರು ಕುಡಿದು ಉಬ್ಬುತ್ತದೆ, ವಾಸನೆಯೂ ಬಿಡುವುದಿಲ್ಲ. ತರಿತರಿಯಾದ ಪ್ಲಾಸ್ಟಿಕ್ಕೇ ವಾಸಿಯಂತೆ. ಅವರ ಕೈಲಿದ್ದದ್ದು ಕಬ್ಬಿಣದ್ದು. ಬೇಗ ಹರಿತವಾಗುತ್ತದೆ, ಆದರೆ ಉಪ್ಪುನೀರಲ್ಲಿ ಒಂದು ರಾತ್ರಿ ಬಿಟ್ಟರೆ ತುಕ್ಕು. ನಮ್ಮಂಥ ಸೋಮಾರಿಗಳಿಗೆ ಸ್ಟೈನ್‌ಲೆಸ್ ಎಂದು ಅವರೇ ತೀರ್ಪು ಕೊಟ್ಟರು. ಮಸೆಗಲ್ಲು ಮಾತ್ರ ಒಳ್ಳೆಯದು ತೆಗೆದುಕೊಳ್ಳಿ, ಹರಿತವಿಲ್ಲದ ಚೂರಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಕೈ ಕೊಯ್ಯುವುದು ಎಂದು ಅಕ್ಕನ ಬ್ಯಾಂಡೇಜು ನೋಡಿಕೊಂಡೇ ಹೇಳಿದರು.

ಅಷ್ಟರಲ್ಲಿ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲರ್‌ಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರು ತಂದ ಮೀನಿನಲ್ಲೇ ಅಭ್ಯಾಸ ನಡೆಯಿತು. ಕಿವಿರಿನ ಹಿಂದೆ ಓರೆಯಾಗಿ ಮೂಳೆ ತಾಗುವವರೆಗೆ ಇಳಿಸಿ, ಅಲಗನ್ನು ಅಡ್ಡ ತಿರುಗಿಸಿ, ಬಾಲದ ಕಡೆಗೆ ಮೆಲ್ಲಗೆ ಎಳೆಯಬೇಕು. ಚೂರಿ ಸರಿಯಾದ ದಾರಿಯಲ್ಲಿದ್ದರೆ ಮೂಳೆಯ ಮೇಲೆ ಟಿಕ್ ಟಿಕ್ ಸದ್ದು ಬರುತ್ತದೆ. ಸದ್ದು ನಿಂತಿತೆಂದರೆ ಮಾಂಸದೊಳಗೆ ಹೋಗಿದ್ದೇವೆ ಎಂದರ್ಥ. ಪಕ್ಕೆಲುಬನ್ನು ಅಲಗು ಮಲಗಿಸಿ ಕೆರೆದು ತೆಗೆಯಬೇಕು. ನಡುವಿನ ಸಣ್ಣ ಮುಳ್ಳುಗಳಿಗೆ ಬೆರಳಾಡಿಸಿ ಹುಡುಕಿ ಚಿಮಟ ಹಾಕಬೇಕು. ಬೂತಾಯಿಯಲ್ಲಿ ಸೋತೆವು, ಅದನ್ನು ಒಪ್ಪಿಕೊಳ್ಳುತ್ತೇವೆ.

ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಮುಳ್ಳಿಲ್ಲದ ಬಂಗುಡೆ ಹುರಿದು, ಏನೂ ಹೇಳದೆ ಬಟ್ಟಲಿಗೆ ಹಾಕಿದೆವು. ಅಜ್ಜಿ ಎಡಗೈ ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಒಂದು ತುಂಡು ತಿಂದರು, ಇನ್ನೊಂದು ತಿಂದರು. ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು.

"ತಲೆ ಎಲ್ಲಿ?" ಅಂದರು.

ಬೆಕ್ಕಿಗೆ ಹಾಕಿದ್ದೆವು.

"ತಲೆ ಬೆಕ್ಕಿಗೆ ಹಾಕ್ತಾರಾ ಯಾರಾದ್ರೂ? ನಾಳೆಯಿಂದ ಸಾರಿಗೆ ಹಾಕಿ. ಮತ್ತೆ ಆ ನನ್ನ ಮೆಟ್ಟುಕತ್ತಿಗೆ ಎಣ್ಣೆ ಹಚ್ಚಿದ್ದೀರಾ ಇಲ್ವಾ?"

ಹಚ್ಚಿರಲಿಲ್ಲ. ಅವತ್ತೇ ಸಂಜೆ ಹಚ್ಚಿದೆವು.